ಹಲವು ಉಗ್ರಾಣ, ಒಬ್ಬ ಪಾರುಪತ್ಯಗಾರ

ಶಿವಮೊಗ್ಗೆಯ ವಾಚಕರೊಬ್ಬರು ನಮಗೆ ಬರೆದಿರುವ ಪತ್ರವೇ ಈ ತಿಂಗಳ ಬರಹಕ್ಕೆ ಕಾರಣ. ಅವರ ಮನೆಯಲ್ಲಿ ಕೃತಕ ಬುದ್ಧಿಮತ್ತೆಯ ಸಹಾಯಕವೊಂದು ಬಳಕೆಯಲ್ಲಿದೆ. ಕೇಳಿದ ಪ್ರಶ್ನೆಗೆ ಉತ್ತರ ಕೊಡುವುದಲ್ಲದೆ ಮನೆಯ ಕೆಲಸಕ್ಕೂ ಒದಗಲಿ ಎಂದು ಅದಕ್ಕೆ ನಾಲ್ಕು ಉಪಕರಣ ಸರ್ವರುಗಳನ್ನು ಜೋಡಿಸಿಕೊಂಡಿದ್ದಾರೆ: ದಿನಚರಿಗೆ ಒಂದು, ಇ-ಮೇಲ್‌ಗೆ ಒಂದು, ಮನೆಯ ಲೆಕ್ಕಪತ್ರದ ಕಡತಗಳಿಗೆ ಒಂದು, ಷೇರುಗಳ ಸ್ಥಿತಿ ನೋಡುವುದಕ್ಕೆ ಒಂದು. ಯಜಮಾನರ ಗಣಕಯಂತ್ರದಲ್ಲಿ ನಾಲ್ಕನ್ನೂ ಜೋಡಿಸಿದ್ದಾಯಿತು. ಮಗನ ಗಣಕದಲ್ಲಿ ಮತ್ತೆ ನಾಲ್ಕನ್ನೂ ಜೋಡಿಸಬೇಕಾಯಿತು. ಒಂದು ಪಾಸ್‌ವರ್ಡ್ ಬದಲಾದರೆ ಎರಡು ಕಡೆಯೂ ತಿದ್ದಬೇಕು. ಮನೆಯಾಕೆಯ ಫೋನಿಗಂತೂ ಅವುಗಳಲ್ಲಿ ಎರಡು ಸಿಕ್ಕುವುದೇ ಇಲ್ಲ. "ಎಲ್ಲವನ್ನೂ ಒಂದೇ ಪ್ರಾಕ್ಸಿಯ ಹಿಂದೆ ಕೂಡಿಸಿ, ಒಂದೇ ವಿಳಾಸದಿಂದ ನಡಸಬಹುದೆಂದು ಕೇಳಿದ್ದೇವೆ. ಗೃಹಸ್ಥರಾದವರು ಇದನ್ನು ಮಾಡಬಹುದೆ, ಕೂಡದೆ?" ಎಂಬುದು ಅವರ ಪ್ರಶ್ನೆ.

ಮಾಡಬಹುದು, ನಾವೇ ಮಾಡಿಕೊಂಡಿದ್ದೇವೆ. ಆದರೆ ಮಾಡಿಕೊಂಡ ಮೊದಲ ತಿಂಗಳಲ್ಲಿಯೇ ನಮ್ಮ ಮನೆಯ ಹಿರಿಯ ಜೀವಕ್ಕೆ ಅಪಾಯ ತಂದುಕೊಳ್ಳುವುದರಲ್ಲಿದ್ದೆವು. ಆ ಸಂಗತಿಯನ್ನು ಮುಚ್ಚಿಟ್ಟು ಬರಿಯ ಅನುಕೂಲಗಳನ್ನು ವರ್ಣಿಸುವುದು ವಾಚಕರಿಗೆ ಮಾಡುವ ದ್ರೋಹವಾದೀತು. ಈ ವಿಷಯದ ಪರಿಚಯವಿಲ್ಲದವರಿಗಾಗಿ ಮೊದಲು ಬುಡದಿಂದ ನಾಲ್ಕು ಮಾತು ಹೇಳಿ, ಅನಂತರ ಅಲ್ಲಿಗೆ ಬರುತ್ತೇವೆ.

ಭಾಷಾಮಾದರಿಗಳೆಂದು ಕರೆಯಲ್ಪಡುವ ಈ ಯಂತ್ರಗಳು ತಾವಾಗಿಯೇ ಮಾಡಬಲ್ಲುದು ಓದುವುದು, ಬರೆಯುವುದು, ಅಷ್ಟೆ. ನಮ್ಮ ದಿನಚರಿಯಲ್ಲಿ ನಾಳೆ ಏನಿದೆ ಎಂಬುದು ಅವಕ್ಕೆ ಗೊತ್ತಿರುವುದಿಲ್ಲ. ಗೊತ್ತಾಗಬೇಕಾದರೆ ದಿನಚರಿಯನ್ನು ತೆರೆದು ತೋರಿಸುವ ಉಪಕರಣವೊಂದು ಬೇಕು. ಮೊದಮೊದಲು ಒಂದೊಂದು ಸಹಾಯಕಕ್ಕೂ ಒಂದೊಂದು ಉಪಕರಣಕ್ಕೂ ನಡುವೆ ಬೇರೆ ಬೇರೆ ಬೆಸುಗೆ ಹಾಕಬೇಕಾಗಿತ್ತು. ಹತ್ತು ಸಹಾಯಕಗಳೂ ಇಪ್ಪತ್ತು ಉಪಕರಣಗಳೂ ಇದ್ದರೆ ಇನ್ನೂರು ಬೆಸುಗೆ. ಎಲ್ಲರೂ ಮಾತಿನ ಒಂದೇ ಕಟ್ಟಳೆಯನ್ನು ಒಪ್ಪಿಕೊಂಡರೆ ಮೂವತ್ತು ಸಾಕು. ಆ ಕಟ್ಟಳೆಗೆ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ ಎಂದು ಹೆಸರು, ಸಂಕ್ಷೇಪವಾಗಿ ಎಂ.ಸಿ.ಪಿ. ಎನ್ನುತ್ತಾರೆ. ಆಂತ್ರೊಪಿಕ್ ಸಂಸ್ಥೆಯ ಡೇವಿಡ್ ಸೋರಿಯಾ ಪಾರ್ರಾ, ಜಸ್ಟಿನ್ ಸ್ಪಾರ್-ಸಮ್ಮರ್ಸ್ ಎಂಬಿಬ್ಬರು ಇದನ್ನು ರೂಪಿಸಿದರು. ೨೦೨೪ನೆಯ ನವೆಂಬರಿನಲ್ಲಿ ಆ ಸಂಸ್ಥೆ ಇದನ್ನು ಎಲ್ಲರಿಗೂ ತೆರೆದಿಟ್ಟಿತು. ಮೈಕ್ರೋಸಾಫ್ಟ್ ಸಂಸ್ಥೆ ೨೦೧೬ರಲ್ಲಿ ಪ್ರಕಟಿಸಿದ ಲಾಂಗ್ವೇಜ್ ಸರ್ವರ್ ಪ್ರೋಟೋಕಾಲ್ ಎಂಬ ಕಟ್ಟಳೆ ಇದಕ್ಕೆ ಮೇಲ್ಪಂಕ್ತಿ. ಪ್ರತಿಸ್ಪರ್ಧಿಗಳಾದ ಓಪನ್‌ಎಐ, ಗೂಗಲ್ ಸಂಸ್ಥೆಗಳೂ ೨೦೨೫ನೆಯ ವಸಂತದಲ್ಲಿ ಇದನ್ನು ಅಂಗೀಕರಿಸಿದುವು. ಅದೇ ವರ್ಷದ ಡಿಸೆಂಬರಿನಲ್ಲಿ ಇದರ ಒಡೆತನ ಲಿನಕ್ಸ್ ಫೌಂಡೇಶನ್ನಿನ ಆಶ್ರಯದ ಸಂಘವೊಂದಕ್ಕೆ ಸೇರಿತು. ಹೀಗೆ ವರ್ಷವೊಂದರಲ್ಲಿ ಇದು ಒಬ್ಬರ ಸೊತ್ತಾಗಿದ್ದುದು ಹೋಗಿ ಊರ ಬಾವಿಯಾಯಿತು.

ಮಾತುಕತೆಯ ಕ್ರಮ ಸರಳವಾಗಿದೆ. ಸಹಾಯಕದ ಕಡೆಯದು ಕ್ಲಯಂಟ್, ಉಪಕರಣದ ಕಡೆಯದು ಸರ್ವರ್. ಮೊದಲು ಎರಡೂ ಪರಿಚಯ ಹೇಳಿಕೊಳ್ಳುವುವು. ಅನಂತರ ಕ್ಲಯಂಟ್, "ನಿನ್ನಲ್ಲಿ ಯಾವ ಯಾವ ಉಪಕರಣಗಳುಂಟು?" ಎಂದು ಕೇಳುತ್ತದೆ. ಸರ್ವರ್ ಒಂದು ಪಟ್ಟಿಯನ್ನು ಕೊಡುತ್ತದೆ. ಅದರಲ್ಲಿ ಪ್ರತಿಯೊಂದು ಉಪಕರಣದ ಹೆಸರು, ಅದು ಏನು ಮಾಡುವುದೆಂಬ ವಿವರಣೆ, ಅದಕ್ಕೆ ಯಾವ ಯಾವ ಮಾಹಿತಿ ಕೊಡಬೇಕೆಂಬ ನಿಯಮ ಇರುತ್ತವೆ. ಸಹಾಯಕವು ಆ ಪಟ್ಟಿಯನ್ನು ಓದಿಕೊಂಡು, ಬೇಕಾದಾಗ ಹೆಸರು ಹಿಡಿದು ಕರೆಯುತ್ತದೆ. ಯಾವ ಉಪಕರಣವನ್ನು ಕರೆಯಬೇಕೆಂಬುದನ್ನು ಅದು ಆ ಹೆಸರು, ವಿವರಣೆಗಳಿಂದಲೇ ಊಹಿಸಬೇಕು. ಈ ಮಾತನ್ನು ವಾಚಕರು ಜ್ಞಾಪಕದಲ್ಲಿಡಬೇಕು; ನಮ್ಮ ಮನೆಯ ಅನರ್ಥವೆಲ್ಲ ಇದರಿಂದಲೇ ಹುಟ್ಟಿತು.

ಸರ್ವರುಗಳಲ್ಲಿ ಎರಡು ಜಾತಿ. ಒಂದು ನಮ್ಮ ಗಣಕದೊಳಗೇ ಓಡುತ್ತಿದ್ದು, ಅದೇ ಗಣಕದ ಸಹಾಯಕದೊಡನೆ ಮಾತ್ರ ಮಾತನಾಡತಕ್ಕುದು. ಇನ್ನೊಂದು ಜಾಲದ ವಿಳಾಸವೊಂದರಲ್ಲಿ ಕುಳಿತು ದೂರದಿಂದ ಬಂದವರಿಗೂ ಉತ್ತರ ಕೊಡತಕ್ಕುದು. ಶಿವಮೊಗ್ಗೆಯ ಮನೆಯಾಕೆಯ ಫೋನಿಗೆ ಎರಡು ಸರ್ವರುಗಳು ಸಿಕ್ಕದಿದ್ದುದರ ಕಾರಣ ಇದೇ ಇರಬೇಕು. ಅವು ಯಜಮಾನರ ಗಣಕದ ನಾಲ್ಕು ಗೋಡೆಗಳೊಳಗಿನವು.

ಇನ್ನು ಪ್ರಾಕ್ಸಿಯ ಮಾತು. ದೊಡ್ಡ ದೇವಸ್ಥಾನಗಳಲ್ಲಿ ಉಗ್ರಾಣ ಬೇರೆ, ಪಾಕಶಾಲೆ ಬೇರೆ, ಬೊಕ್ಕಸ ಬೇರೆ, ಹೂವಿನ ತೋಟ ಬೇರೆ. ಸೇವೆ ಮಾಡಿಸಲು ಬಂದ ಭಕ್ತನು ಇವೆಲ್ಲವನ್ನೂ ಸುತ್ತುವುದಿಲ್ಲ, ಪಾರುಪತ್ಯಗಾರನನ್ನು ಕಾಣುತ್ತಾನೆ. ಪಾರುಪತ್ಯಗಾರನು ತಾನು ಅಡಿಗೆ ಮಾಡುವವನೂ ಅಲ್ಲ, ಹೂ ಕಟ್ಟುವವನೂ ಅಲ್ಲ. ಯಾವ ಕೆಲಸಕ್ಕೆ ಯಾರನ್ನು ಕರೆಯಬೇಕೆಂಬುದನ್ನು ಬಲ್ಲವನು. ಪ್ರಾಕ್ಸಿ ಎಂಬುದು ಈ ಪಾರುಪತ್ಯಗಾರನೇ. ಸಹಾಯಕದ ಕಣ್ಣಿಗೆ ಅದು ಒಂದೇ ಒಂದು ಸರ್ವರ್. ಹಿಂದಿನ ಸರ್ವರುಗಳ ಕಣ್ಣಿಗೆ ಅದೊಂದು ಕ್ಲಯಂಟ್. ಪಟ್ಟಿ ಕೇಳಿದರೆ ಹಿಂದಿನ ಎಲ್ಲ ಸರ್ವರುಗಳ ಪಟ್ಟಿಗಳನ್ನೂ ತರಿಸಿ, ಒಂದಾಗಿ ಹೊಲಿದು ಮುಂದಿಡುತ್ತದೆ. ಒಂದು ಉಪಕರಣವನ್ನು ಕರೆದರೆ ಆ ಕರೆಯನ್ನು ತಕ್ಕ ಸರ್ವರಿಗೆ ಕಳುಹಿಸಿ, ಬಂದ ಉತ್ತರವನ್ನು ಹಿಂದಕ್ಕೆ ತಲಪಿಸುತ್ತದೆ. ಗಣಕದ ಗೋಡೆಯೊಳಗಿನ ಸರ್ವರುಗಳಿಗೂ ಅದರ ಮೂಲಕ ಬೀದಿಯ ಕಡೆಗೆ ಬಾಗಿಲೊಂದು ದೊರೆಯುತ್ತದೆ. ಜೋಡಣೆ ಒಂದು ಕಡೆ, ತಿದ್ದುವುದು ಒಂದು ಕಡೆ, ವಿಳಾಸ ಒಂದು. ಇದನ್ನು ಕೈಯಿಂದ ಬರೆಯಬೇಕಾದ ಅವಶ್ಯಕತೆಯೂ ಇಲ್ಲ. ಫಾಸ್ಟ್‌ಎಂಸಿಪಿ ಎಂಬ ಪೈಥಾನ್ ಭಂಡಾರದಲ್ಲಿಯೂ, ಡಾಕರ್ ಸಂಸ್ಥೆಯ ಎಂ.ಸಿ.ಪಿ. ಗೇಟ್‌ವೇಯಲ್ಲಿಯೂ ಸಿದ್ಧವಾದ ವ್ಯವಸ್ಥೆಗಳುಂಟು.

ನಮ್ಮ ಮನೆಯದನ್ನು ಮಾತ್ರ ನಮ್ಮ ಸೋದರಳಿಯನು ಒಂದು ಭಾನುವಾರ ಕುಳಿತು ತಾನೇ ಬರೆದನು. "ನೂರು ಸಾಲು ಸಾಕು ಮಾವ, ಇದಕ್ಕೆ ಯಾರದೋ ಸಾಮಾನು ಯಾಕೆ?" ಎಂದನು. ನಿಜವಾಗಿಯೂ ನೂರು ಸಾಲಿನಲ್ಲಿಯೇ ಮುಗಿಯಿತು. ಮೊದಲು ದಿನಚರಿಯ ಸರ್ವರನ್ನು ಅದರ ಹಿಂದೆ ನಿಲ್ಲಿಸಿದೆವು. ನಮ್ಮ ತಾಯಿಯವರಿಗೆ ಎಂಬತ್ತನಾಲ್ಕು ವರ್ಷ. ಅವರ ಮಾತ್ರೆಗಳ ವೇಳೆಯನ್ನು ಆ ದಿನಚರಿಯಲ್ಲಿ ಬರೆಸಿದ್ದೆವು. ವೇಳೆಯಾದಾಗ ಅವರ ಹಾಸಿಗೆಯ ಪಕ್ಕದ ಫೋನು ಗಂಟೆ ಬಾರಿಸುವುದು. ಅವರು ಎದ್ದು ಡಬ್ಬಿಯಿಂದ ಮಾತ್ರೆ ತೆಗೆದುಕೊಳ್ಳುವರು. ಮೂರು ವಾರ ಎಲ್ಲವೂ ಸರಿಯಾಗಿ ನಡೆಯಿತು. ಮನೆಯವರೆಲ್ಲರೂ ಅಳಿಯನನ್ನು ಹೊಗಳಿದ್ದೂ ಆಯಿತು. ನಾಲ್ಕನೆಯ ವಾರದ ಮೊದಲಿನಲ್ಲಿ ಮನೆಯ ಲೆಕ್ಕದ ಸರ್ವರನ್ನೂ ಅದೇ ಬಾಗಿಲಿನ ಹಿಂದೆ ಸೇರಿಸಿದೆವು.

ಆ ವಾರವೇ ವೈದ್ಯರು ತಾಯಿಯವರ ರಕ್ತದೊತ್ತಡ ನೋಡಿ, "ರಾತ್ರಿಯ ಮಾತ್ರೆ ಇನ್ನು ಬೇಡ, ಬೆಳಿಗ್ಗೆಯದೊಂದೇ ಸಾಕು" ಎಂದು ಚೀಟಿ ಬರೆದುಕೊಟ್ಟರು. ನಾವು ಮನೆಗೆ ಬಂದವರೇ ಸಹಾಯಕಕ್ಕೆ ಈ ಬದಲಾವಣೆಯನ್ನು ಹೇಳಿದೆವು. ಅದು ಬಹು ವಿನಯದಿಂದ, "ತಿದ್ದಲಾಗಿದೆ" ಎಂದು ಉತ್ತರ ಕೊಟ್ಟಿತು. ನಾವು ನಿಶ್ಚಿಂತರಾದೆವು.

ಗಂಟೆ ಮಾತ್ರ ರಾತ್ರಿ ಒಂಬತ್ತಕ್ಕೆ ಎಂದಿನಂತೆ ಬಾರಿಸುತ್ತಲೇ ಇತ್ತು. ತಾಯಿಯವರು ಎಂದಿನಂತೆ ಮಾತ್ರೆ ತೆಗೆದುಕೊಳ್ಳುತ್ತಲೇ ಇದ್ದರು. ನಾವು ಆ ಹೊತ್ತಿನಲ್ಲಿ ಬೇರೆ ಕೋಣೆಯಲ್ಲಿರುತ್ತಿದ್ದೆವು. ನಾಲ್ಕನೆಯ ದಿನ ಬೆಳಗಿನ ಜಾವ ಅವರು ಬಚ್ಚಲಿಗೆಂದು ಎದ್ದವರು ತಲೆ ಸುತ್ತಿ ಬಾಗಿಲ ಚೌಕಟ್ಟನ್ನು ಹಿಡಿದು ಕುಸಿದರು. ದೈವಕೃಪೆಯಿಂದ ಮೂಳೆ ಮುರಿಯಲಿಲ್ಲ. ಸದ್ದು ಕೇಳಿ ಎದ್ದು ಬಂದ ನಮ್ಮ ಸೊಸೆ ಅವರನ್ನು ಕುಳ್ಳಿರಿಸಿ ನೀರು ಕೊಟ್ಟು, ಮಾತ್ರೆಯ ಡಬ್ಬಿಯನ್ನು ತೆರೆದು ಎಣಿಸಿದಳು. ಅಡಿಗೆಮನೆಯ ಗೋಡೆಗೆ ತಾನು ಸಿಕ್ಕಿಸಿದ್ದ ವೈದ್ಯರ ಚೀಟಿಯನ್ನು ತಂದು ನೋಡಿದಳು. "ಮಾವನವರೆ, ಅಜ್ಜಿ ರಾತ್ರಿಯದನ್ನೂ ತೆಗೆದುಕೊಳ್ಳುತ್ತಲೇ ಇದ್ದಾರೆ" ಎಂದಳು. ನಮಗೆ ಆಗ ಆದ ಅಧೈರ್ಯವನ್ನು ಇಲ್ಲಿ ಬರೆಯುವುದಿಲ್ಲ.

ಅನಂತರ ಕುಳಿತು ಹುಡುಕಿದೆವು. ದಿನಚರಿಯ ಸರ್ವರಿನಲ್ಲಿ "ಅಪ್‌ಡೇಟ್ ಎಂಟ್ರಿ" ಎಂಬ ಉಪಕರಣವಿತ್ತು. ಹೊಸದಾಗಿ ಬಂದ ಲೆಕ್ಕದ ಸರ್ವರಿನಲ್ಲಿಯೂ ಅದೇ ಹೆಸರಿನ ಉಪಕರಣವಿತ್ತು. ಎರಡಕ್ಕೂ ಬೇಕಾದುದು ಒಂದು ಶೀರ್ಷಿಕೆ, ಒಂದು ಒಕ್ಕಣೆ. ಅಳಿಯನು ಬರೆದ ಪ್ರಾಕ್ಸಿಯಾದರೋ ಹೆಸರುಗಳ ಒಂದು ಪಟ್ಟಿಯನ್ನಿಟ್ಟುಕೊಂಡು, ಅದೇ ಹೆಸರಿನವನು ಇನ್ನೊಬ್ಬನು ಬಂದರೆ ಕೊನೆಗೆ ಬಂದವನನ್ನು ಉಳಿಸಿಕೊಂಡು ಮೊದಲಿನವನನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತಿತ್ತು. ದೋಷವೆಂದು ಕೂಗಲಿಲ್ಲ, ಎಚ್ಚರಿಕೆಯನ್ನೂ ಕೊಡಲಿಲ್ಲ. ಸಹಾಯಕಕ್ಕೆ ಕಾಣಿಸಿದುದು ಒಂದೇ "ಅಪ್‌ಡೇಟ್ ಎಂಟ್ರಿ", ಅದನ್ನೇ ಕರೆಯಿತು. ಲೆಕ್ಕದ ಸರ್ವರಿಗೆ ಮತ್ತೊಂದು ಉದಾರ ಸ್ವಭಾವವಿತ್ತು: ಇಲ್ಲದ ಬಾಬನ್ನು ತಿದ್ದೆಂದರೆ ತಾನೇ ಹೊಸದಾಗಿ ಸೇರಿಸಿ "ಆಯಿತು" ಎನ್ನುವುದು. ಹಾಲಿನವನ ಲೆಕ್ಕಕ್ಕೂ ವಿದ್ಯುಚ್ಛಕ್ತಿಯ ಬಿಲ್ಲಿಗೂ ನಡುವೆ, "ರಾತ್ರಿಯ ಮಾತ್ರೆ ನಿಲ್ಲಿಸಿದೆ" ಎಂಬ ಬಾಬು ನಮ್ಮ ಖರ್ಚಿನ ಪುಸ್ತಕದಲ್ಲಿ ಇಂದಿಗೂ ಇದೆ. ನಾವು ಅದನ್ನು ಅಳಿಸಿಲ್ಲ.

ಇದರಲ್ಲಿ ಸುಳ್ಳು ಹೇಳಿದವರು ಯಾರೂ ಇಲ್ಲವೆಂಬುದೇ ವಿಚಿತ್ರ. ಸಹಾಯಕವು ತಾನು ಕಂಡಂತೆ ಕೆಲಸ ಮಾಡಿತು. ಲೆಕ್ಕದ ಸರ್ವರ್ ತನಗೆ ಬಂದುದನ್ನು ಬರೆಯಿತು. ತಪ್ಪಿದವನು ಪಾರುಪತ್ಯಗಾರನು. ಅವನು ಇಲ್ಲದಿದ್ದರೆ ಎರಡು ಸರ್ವರುಗಳೂ ಬೇರೆ ಬೇರೆಯಾಗಿ ಕಾಣುತ್ತಿದ್ದುವು. ಒಂದು ಮನೆಯಲ್ಲಿ ಇಬ್ಬರು ರಾಮಣ್ಣರಿದ್ದರೆ ಉಂಟಾಗುವ ಈ ತೊಡಕು ಹುಟ್ಟುತ್ತಲೇ ಇರಲಿಲ್ಲ. ಆದುದರಿಂದ ಪ್ರಾಕ್ಸಿ ಇಟ್ಟುಕೊಳ್ಳುವವರು ಮೊಟ್ಟಮೊದಲು ನೋಡತಕ್ಕದ್ದು, ಅದು ಪ್ರತಿಯೊಂದು ಉಪಕರಣದ ಹೆಸರಿನ ಹಿಂದೆ ಅದರ ಸರ್ವರಿನ ಹೆಸರನ್ನು ಸೇರಿಸುತ್ತದೆಯೇ ಎಂಬುದನ್ನು. "ದಿನಚರಿ-ತಿದ್ದು", "ಲೆಕ್ಕ-ತಿದ್ದು" ಎಂದು ಬೇರೆ ಬೇರೆಯಾಗಿರಬೇಕು. ಫಾಸ್ಟ್‌ಎಂಸಿಪಿಯಲ್ಲಿ ಹಲವು ಸರ್ವರುಗಳನ್ನು ಒಂದು ಪ್ರಾಕ್ಸಿಗೆ ಕೂಡಿಸಿದಾಗ ಹೀಗೆ ಸೇರಿಸುವ ಕ್ರಮ ಉಂಟು. ನಮ್ಮ ಅಳಿಯನಿಗೆ ಇದು ಹೊಳೆಯದೆ ಹೋದುದು ಅವಜ್ಞೆಯಿಂದಲ್ಲ. ಒಂದೇ ಸರ್ವರಿದ್ದಾಗ ಅದರ ಅಗತ್ಯ ಕಾಣುವುದಿಲ್ಲ.

ಹೆಸರಿನ ತೊಡಕು ತೀರಿದ ಮೇಲೆ ಪಟ್ಟಿಯ ಉದ್ದದ ತೊಡಕು. ಪಾರುಪತ್ಯಗಾರನ ಹಿಂದೆ ಎಷ್ಟು ಉಗ್ರಾಣಗಳನ್ನಾದರೂ ಕಟ್ಟಬಹುದೆಂದು ತೋರುವುದು ಸಹಜ. ಆದರೆ ಆ ಪಟ್ಟಿಯನ್ನೆಲ್ಲ ಸಹಾಯಕವು ಓದಬೇಕಲ್ಲ! ಭಾಷಾಮಾದರಿಗಳು ಓದುವುದನ್ನು ಟೋಕನ್ ಎಂಬ ಪದತುಣುಕುಗಳಲ್ಲಿ ಅಳೆಯುತ್ತಾರೆ. ಒಂದು ಸಲಕ್ಕೆ ಇಷ್ಟೇ ಎಂಬ ಮಿತಿಯುಂಟು, ಹೆಚ್ಚು ಓದಿಸಿದರೆ ಹಣವೂ ಹೆಚ್ಚು. ಐದು ಸರ್ವರುಗಳು, ಅವುಗಳಲ್ಲಿ ಒಟ್ಟು ೫೮ ಉಪಕರಣಗಳು. ಮಾತುಕತೆ ಆರಂಭವಾಗುವ ಮೊದಲೇ ಇವುಗಳ ವಿವರಣೆಗೆ ಸುಮಾರು ೫೫,೦೦೦ ಟೋಕನ್ನುಗಳು ವೆಚ್ಚವಾಗುವ ಉದಾಹರಣೆಯೊಂದನ್ನು ಆಂತ್ರೊಪಿಕ್ ಸಂಸ್ಥೆಯವರೇ ೨೦೨೫ನೆಯ ನವೆಂಬರಿನಲ್ಲಿ ಪ್ರಕಟಿಸಿದರು. ಪಟ್ಟಿ ಬೆಳೆದಷ್ಟೂ ಒಂದರ ಬದಲು ಇನ್ನೊಂದನ್ನು ಕರೆಯುವ ಸಂಭವವೂ ಬೆಳೆಯುತ್ತದೆ. ಇದಕ್ಕೆ ಪರಿಹಾರವೂ ಪಾರುಪತ್ಯಗಾರನ ಕೈಯಲ್ಲಿಯೇ ಇದೆ: ನಮಗೆ ಬೇಕಾದ ಉಪಕರಣಗಳನ್ನು ಮಾತ್ರ ತೋರಿಸಿ ಉಳಿದುವನ್ನು ಮರೆಮಾಡುವಂತೆ ಅದಕ್ಕೆ ಹೇಳಬಹುದು. ನಮ್ಮ ಇ-ಮೇಲ್ ಸರ್ವರಿನಲ್ಲಿ ಹದಿನೆಂಟು ಉಪಕರಣಗಳಿದ್ದುವು; ನಾವು ಉಳಿಸಿಕೊಂಡಿರುವುದು ಮೂರು. ಅಳಿಸುವ ಉಪಕರಣವನ್ನು ಮೊದಲು ಮರೆಮಾಡಿದೆವು.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಸಂಗತಿ, ಬೀಗದ ಕೈಗಳು. ಹಿಂದಿನ ಒಂದೊಂದು ಸರ್ವರೂ ತನ್ನ ರಹದಾರಿಯನ್ನು ಕೇಳುತ್ತದೆ. ಅವೆಲ್ಲವೂ ಈಗ ಪ್ರಾಕ್ಸಿಯ ಸೊಂಟದಲ್ಲಿ ತೂಗುತ್ತಿರುವುವು. ಮೊದಲು ಕಳ್ಳನಿಗೆ ನಾಲ್ಕು ಮನೆ ಮುರಿಯಬೇಕಾಗಿದ್ದರೆ ಈಗ ಒಬ್ಬನ ಸೊಂಟಕ್ಕೆ ಕೈ ಹಾಕಿದರೆ ಸಾಕು. ಆದುದರಿಂದ ಪ್ರಾಕ್ಸಿಯನ್ನು ಮನೆಯ ಜಾಲದ ಹೊರಗೆ, ಊರಿಗೆಲ್ಲ ಕಾಣುವ ವಿಳಾಸದಲ್ಲಿ ರಹದಾರಿಯಿಲ್ಲದೆ ಇಡುವುದು ಬೊಕ್ಕಸದ ಬಾಗಿಲನ್ನು ಸಂತೆಯ ಕಡೆಗೆ ತೆರೆದಿಟ್ಟಂತೆ. ಪ್ರಾಕ್ಸಿಗೆ ಪ್ರವೇಶಿಸುವ ರಹದಾರಿ ಬೇರೆ, ಪ್ರಾಕ್ಸಿಯು ಹಿಂದಿನ ಸರ್ವರಿಗೆ ತೋರಿಸುವ ರಹದಾರಿ ಬೇರೆ ಇರಬೇಕು. ಮುಂದಿನಿಂದ ಬಂದ ರಹದಾರಿಯನ್ನೇ ಹಿಂದಕ್ಕೆ ದಾಟಿಸಕೂಡದೆಂದು ಎಂ.ಸಿ.ಪಿ. ಕಟ್ಟಳೆಯ ೨೦೨೫ನೆಯ ಜೂನ್ ಆವೃತ್ತಿಯಲ್ಲಿ ಸ್ಪಷ್ಟವಾಗಿ ವಿಧಿಸಲಾಗಿದೆ. ಇದರ ಹಿಂದಿರುವುದು ಹಳೆಯ ಅನುಭವ. ತನಗೆ ಹೆಚ್ಚಿನ ಅಧಿಕಾರವಿರುವ ಪ್ರತಿನಿಧಿಯೊಬ್ಬನು, ಅಧಿಕಾರವಿಲ್ಲದವನ ಮಾತು ಕೇಳಿ ತನ್ನ ಅಧಿಕಾರವನ್ನು ಅವನ ಕೆಲಸಕ್ಕೆ ಬಳಸಿಬಿಡುವ ಅಪಾಯವನ್ನು ನಾರ್ಮ್ ಹಾರ್ಡಿ ಎಂಬ ಗಣಕವಿಜ್ಞಾನಿ ೧೯೮೮ರಲ್ಲಿಯೇ ಬರೆದು, ಅವನಿಗೆ ದಾರಿತಪ್ಪಿದ ಪ್ರತಿನಿಧಿ ಎಂಬರ್ಥದ ಹೆಸರನ್ನು ಕೊಟ್ಟಿದ್ದನು. ಯಜಮಾನನ ಮುದ್ರೆಯುಂಗುರ ತೊಟ್ಟ ಗುಮಾಸ್ತನು ಬೀದಿಯವನ ಪತ್ರಕ್ಕೂ ಮುದ್ರೆ ಒತ್ತಿದರೆ ದೋಷ ಯಾರದು?

ಬೀದಿಯವನ ಪತ್ರ ಎಂದೆವಷ್ಟೆ. ಇದು ಉಪಮೆ ಮಾತ್ರವಲ್ಲ. ಸಹಾಯಕವು ತಾನು ಓದಿದ ಬರಹಕ್ಕೂ ಯಜಮಾನನು ಕೊಟ್ಟ ಆಜ್ಞೆಗೂ ಇರುವ ಭೇದವನ್ನು ಯಾವಾಗಲೂ ಕಾಣಲಾರದು. ೨೦೨೫ನೆಯ ಏಪ್ರಿಲಿನಲ್ಲಿ ಇನ್ವೇರಿಯಂಟ್ ಲ್ಯಾಬ್ಸ್ ಎಂಬ ಸಂಸ್ಥೆಯವರು, ಉಪಕರಣದ ವಿವರಣೆಯೊಳಗೇ ಗುಟ್ಟಾದ ಆಜ್ಞೆಗಳನ್ನು ಅಡಗಿಸಿ ಸಹಾಯಕವನ್ನು ವಶಮಾಡಿಕೊಳ್ಳಬಹುದೆಂದು ತೋರಿಸಿಕೊಟ್ಟರು. ಒಂದು ಸರ್ವರಿನ ವಿವರಣೆಯಲ್ಲಿ ಬೆರೆತ ವಿಷವು ಪಕ್ಕದ ಸರ್ವರಿನ ಕೆಲಸವನ್ನೂ ಕೆಡಿಸಬಲ್ಲುದೆಂಬುದು ಅದರಲ್ಲಿ ಮುಖ್ಯ. ಮುಂದಿನ ತಿಂಗಳು ಅವರೇ ಮತ್ತೊಂದನ್ನು ತೋರಿಸಿದರು: ಗಿಟ್‌ಹಬ್ಬಿನಲ್ಲಿ ಯಾರು ಬೇಕಾದರೂ ಬರೆಯಬಹುದಾದ ಸಾರ್ವಜನಿಕ ದೂರೊಂದನ್ನು ಓದಿದ ಸಹಾಯಕವು, ಅದರಲ್ಲಿದ್ದ ಆಜ್ಞೆಯನ್ನು ನಂಬಿ, ಯಜಮಾನನ ಖಾಸಗಿ ಕಡತಗಳಲ್ಲಿದ್ದುದನ್ನು ತಂದು ಬಯಲಿಗೆ ಹಾಕುವುದು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬೆಳಕಿಗೆ ಬಂದುದು ಇದಕ್ಕಿಂತ ನೇರವಾದ ಕಳವು. ಪೋಸ್ಟ್‌ಮಾರ್ಕ್ ಎಂಬ ಅಂಚೆ ಸೇವೆಯ ಹೆಸರು ಹೊತ್ತು, ಆದರೆ ಆ ಸಂಸ್ಥೆಗೆ ಸಂಬಂಧವಿಲ್ಲದವರು ಮಾಡಿದ ಸರ್ವರೊಂದು ಹಲವು ಆವೃತ್ತಿಗಳವರೆಗೆ ಪ್ರಾಮಾಣಿಕವಾಗಿ ಕೆಲಸಮಾಡಿ, ೧.೦.೧೬ನೆಯ ಆವೃತ್ತಿಯಲ್ಲಿ ಒಂದೇ ಒಂದು ಸಾಲು ಸೇರಿಸಿಕೊಂಡಿತು. ಅಂದಿನಿಂದ ಅದರ ಮೂಲಕ ಹೋದ ಪ್ರತಿಯೊಂದು ಪತ್ರದ ನಕಲೂ ಗುಟ್ಟಾಗಿ ಅನ್ಯರ ವಿಳಾಸಕ್ಕೆ ಹೋಗುತ್ತಿತ್ತು. ಕೆಲಸಕ್ಕೆ ಸೇರುವಾಗ ಪರೀಕ್ಷೆ ಮಾಡಿ ಸೇರಿಸಿಕೊಂಡ ಆಳು, ವರ್ಷ ಕಳೆದ ಮೇಲೆ ಕೈ ಕೆಟ್ಟವನಾಗುವುದು ನಮ್ಮ ಹಿರಿಯರಿಗೆ ಗೊತ್ತಿಲ್ಲದ ಸಂಗತಿಯಲ್ಲ.

ಸೈಮನ್ ವಿಲಿಸನ್ ಎಂಬ ಲೇಖಕರು ೨೦೨೫ನೆಯ ಜೂನಿನಲ್ಲಿ ಇದನ್ನೆಲ್ಲ ಒಂದು ಸೂತ್ರಕ್ಕೆ ತಂದರು. ನಮ್ಮ ಖಾಸಗಿ ಮಾಹಿತಿಯನ್ನು ಓದುವ ಶಕ್ತಿ, ಅಪರಿಚಿತರು ಬರೆದುದನ್ನು ಓದುವ ಸಂದರ್ಭ, ಹೊರಗೆ ಸುದ್ದಿ ಕಳುಹಿಸುವ ಶಕ್ತಿ: ಈ ಮೂರೂ ಒಂದೇ ಸಹಾಯಕದಲ್ಲಿ ಕೂಡಿದರೆ ಅದು ಮಾರಕವಾದ ತ್ರಿಕೂಟ. ನಾವು ಈ ಮಾತನ್ನು ಓದಿದಾಗ ನಮ್ಮ ಮನೆಯ ಪ್ರಾಕ್ಸಿಯ ಪಟ್ಟಿಯನ್ನು ಮುಂದಿಟ್ಟುಕೊಂಡು ನೋಡಿದೆವು. ಲೆಕ್ಕದ ಕಡತ ಖಾಸಗಿ. ಇ-ಮೇಲ್‌ನಲ್ಲಿ ಬರುವುದು ಯಾರು ಯಾರೋ ಬರೆದುದು. ಕಳುಹಿಸುವುದಕ್ಕೂ ಅದೇ ಇ-ಮೇಲ್. ಒಂದೊಂದಾಗಿ ನೋಡಿದರೆ ಯಾವ ಸರ್ವರಿನಲ್ಲಿಯೂ ಕುಂದಿಲ್ಲ. ಮೂರನ್ನೂ ಒಂದೇ ಬಾಗಿಲಿನ ಹಿಂದೆ ತಂದು ಕೂಡಿಸಿದವರು ನಾವು. ಪ್ರಾಕ್ಸಿಯ ಗುಣವೂ ಇದೇ, ದೋಷವೂ ಇದೇ: ಅದು ಕೂಡಿಸುತ್ತದೆ. ಸಮೀಪ ಇರಬೇಕಾದುವೂ ದೂರ ಇರಬೇಕಾದುವೂ ಅದಕ್ಕೆ ಒಂದೇ.

ಹೀಗೆಂದು ಪ್ರಾಕ್ಸಿಯನ್ನು ತೆಗೆದುಹಾಕಿದೆವೆಂದು ವಾಚಕರು ತಿಳಿಯಬಾರದು. ಒಂದು ಬಾಗಿಲಿಗೆ ಬದಲಾಗಿ ಎರಡು ಬಾಗಿಲು ಮಾಡಿಕೊಂಡೆವು. ಒಳಬಾಗಿಲಿನ ಹಿಂದೆ ದಿನಚರಿ, ಮನೆಯ ಲೆಕ್ಕ, ಷೇರುಗಳ ಸ್ಥಿತಿ. ಅಲ್ಲಿಂದ ಹೊರಗೆ ಸುದ್ದಿ ಕಳುಹಿಸುವ ಯಾವ ಉಪಕರಣವೂ ಇಲ್ಲ. ಹೊರಬಾಗಿಲಿನ ಹಿಂದೆ ಇ-ಮೇಲ್, ಜಾಲದಲ್ಲಿ ಹುಡುಕುವ ಉಪಕರಣ. ಅಲ್ಲಿಗೆ ಮನೆಯ ಕಡತಗಳು ಕಾಣುವುದಿಲ್ಲ. ಒಂದು ಮಾತುಕತೆಯಲ್ಲಿ ಒಂದೇ ಬಾಗಿಲನ್ನು ತೆರೆಯುವುದು ಮನೆಯ ನಿಯಮ. ಸ್ವಲ್ಪ ಅನಾನುಕೂಲ ಉಂಟು. ಬಂದ ಬಿಲ್ಲನ್ನು ಇ-ಮೇಲ್‌ನಿಂದ ತೆಗೆದು ಲೆಕ್ಕಕ್ಕೆ ಸೇರಿಸುವ ಕೆಲಸವನ್ನು ಈಗ ನಾವೇ ಕೈಯಾರೆ ಮಾಡುತ್ತೇವೆ. ತಿಂಗಳಿಗೆ ಅರ್ಧ ಗಂಟೆಯ ಕೆಲಸ. ಷೇರುಗಳ ವಿಷಯದಲ್ಲಿ ಬೆಂಗಳೂರಿನ ಜೆರೋಧಾ ಸಂಸ್ಥೆ ೨೦೨೫ರಲ್ಲಿ ಕೈಟ್ ಎಂ.ಸಿ.ಪಿ. ಎಂಬ ಸರ್ವರನ್ನು ತನ್ನ ಗ್ರಾಹಕರಿಗೆ ಒದಗಿಸಿದಾಗ, ತಾನೇ ನಡಸುವ ವಿಳಾಸದಲ್ಲಿ ಲೆಕ್ಕ ನೋಡುವ ಉಪಕರಣಗಳನ್ನಿಟ್ಟು, ಹಾನಿಗೆ ಎಡೆಕೊಡಬಹುದಾದ ವ್ಯಾಪಾರದ ಆಜ್ಞೆಗಳನ್ನು ಹೊರಗಿಟ್ಟುದು ಮೆಚ್ಚತಕ್ಕ ಸಂಗತಿ. ಬೇರೆ ಯಾವ ಸರ್ವರನ್ನು ತರುವಾಗಲೂ ಓದುವ ಅಧಿಕಾರ ಯಾವುದು, ಬರೆಯುವ ಅಧಿಕಾರ ಯಾವುದು ಎಂದು ಹೀಗೆ ಬೇರ್ಪಡಿಸಿ ನೋಡಬೇಕು.

ಒಂದು ಲಾಭವನ್ನು ಹೇಳದೆ ಬಿಟ್ಟರೆ ಪ್ರಾಕ್ಸಿಗೆ ಅನ್ಯಾಯವಾದೀತು. ಎಲ್ಲ ಕರೆಗಳೂ ಅದರ ಮೂಲಕವೇ ಹೋಗುವುದರಿಂದ ಒಂದೇ ಕಡೆ ರೋಜುದಾರಿ ಬರೆಸಬಹುದು: ಯಾವ ಗಂಟೆಯಲ್ಲಿ, ಯಾವ ಸರ್ವರಿನ, ಯಾವ ಉಪಕರಣಕ್ಕೆ, ಏನೆಂದು ಹೇಳಲಾಯಿತು, ಏನು ಉತ್ತರ ಬಂತು. ತಾಯಿಯವರ ಪ್ರಕರಣದ ಕಾಲಕ್ಕೆ ನಮ್ಮಲ್ಲಿ ಇದು ಇರಲಿಲ್ಲ. ಇದ್ದಿದ್ದರೆ ಮೊದಲ ರಾತ್ರಿಯೇ ಗೊತ್ತಾಗುತ್ತಿತ್ತು. ಈಗ ಉಂಟು. ಭಾನುವಾರ ಮಧ್ಯಾಹ್ನ ನಮ್ಮ ಸೊಸೆ ಅದನ್ನು ಓದುತ್ತಾಳೆ. ಕಾದಂಬರಿಗಿಂತ ಕಡಮೆ ಸ್ವಾರಸ್ಯವೆಂದು ಅವಳ ಅಭಿಪ್ರಾಯ, ಆದರೂ ಬಿಟ್ಟಿಲ್ಲ. ಹಿಂದಿನ ಸರ್ವರುಗಳಲ್ಲೊಂದು ನಿಂತುಹೋದಾಗ ಪ್ರಾಕ್ಸಿಯು ಆ ಸರ್ವರಿನ ಉಪಕರಣಗಳನ್ನು ಪಟ್ಟಿಯಿಂದ ಸುಮ್ಮನೆ ಮಾಯಮಾಡದೆ, "ದಿನಚರಿ ಈಗ ದೊರೆಯುತ್ತಿಲ್ಲ" ಎಂದು ಬಾಯಿಬಿಟ್ಟು ಹೇಳುವಂತೆಯೂ ಅಳಿಯನು ತಿದ್ದಿದ್ದಾನೆ. ಮತ್ತು ಬರೆಯುವ ಪ್ರತಿಯೊಂದು ಕೆಲಸವಾದ ಕೂಡಲೆ ಅದೇ ಸರ್ವರಿನಿಂದ ಮತ್ತೆ ಓದಿಸಿ, ಓದಿದುದನ್ನು ನಮಗೆ ತೋರಿಸಬೇಕೆಂದು ಸಹಾಯಕಕ್ಕೆ ಕಟ್ಟಾಜ್ಞೆ ಕೊಟ್ಟಿದ್ದೇವೆ. "ತಿದ್ದಲಾಗಿದೆ" ಎಂಬ ಬರಿಯ ಮಾತನ್ನು ಈಗ ನಾವು ಒಪ್ಪುವುದಿಲ್ಲ.

ಶಿವಮೊಗ್ಗೆಯವರು ತಮ್ಮ ಪತ್ರದ ಕೊನೆಯಲ್ಲಿ, ಇದಕ್ಕಾಗಿ ಹೊಸ ಗಣಕವನ್ನು ಕೊಳ್ಳಬೇಕೆ ಎಂದೂ ಕೇಳಿದ್ದಾರೆ. ಬೇಡ. ಪ್ರಾಕ್ಸಿಯು ಕರೆಗಳನ್ನು ಅತ್ತಿತ್ತ ದಾಟಿಸುವುದಲ್ಲದೆ ತಾನಾಗಿ ಯೋಚಿಸುವ ಕೆಲಸ ಮಾಡುವುದಿಲ್ಲ. ಮೂಲೆಗೆ ಬಿದ್ದಿರುವ ಹಳೆಯ ಲ್ಯಾಪ್‌ಟಾಪು ಧಾರಾಳವಾಗಿ ಸಾಕು. ನಮ್ಮದು ಕೀಲಿಮಣೆಯ ಎರಡು ಗುಂಡಿ ಹೋದ ಯಂತ್ರ, ದೇವರ ಮನೆಯ ಪಕ್ಕದ ಗೂಡಿನಲ್ಲಿ ಕುಳಿತಿದೆ. ಅವರ ನಾಲ್ಕು ಸರ್ವರುಗಳಲ್ಲಿ ಇ-ಮೇಲ್‌ನದನ್ನು ಮಾತ್ರ ಬೇರೆ ಬಾಗಿಲಿಗೆ ಇಟ್ಟು, ಉಳಿದ ಮೂರನ್ನು ಒಂದು ಮಾಡಿಕೊಳ್ಳಲಿ. ತಾಯಿಯವರ ಮಾತ್ರೆಯ ವೇಳೆಯನ್ನು ನಾವು ದಿನಚರಿಯಲ್ಲಿ ಈಗಲೂ ಬರೆಸುತ್ತೇವೆ. ಅವರಾದರೋ ಗಂಟೆ ಬಾರಿಸಿದರೆ ಎದ್ದು ಅಡಿಗೆಮನೆಗೆ ಹೋಗಿ, ಗೋಡೆಯ ಮೇಲಿನ ಚೀಟಿಯನ್ನು ನೋಡಿಕೊಂಡು ಬಂದೇ ಡಬ್ಬಿ ತೆರೆಯುತ್ತಾರೆ.